ಕಾಫಿಗೂ ಮುಂಚಿನ ಅರ್ಧ ಗಂಟೆ

ನಮ್ಮ ದೊಡ್ಡಮ್ಮನ ಮನೆಯಲ್ಲಿ ಬೆಳಗಿನ ಐದೂವರೆಗೆ ಮೊದಲು ಕೇಳಿಸುವ ಸದ್ದು ಮಾತ್ರೆ ಡಬ್ಬಿಯದು. ಡಬ್ಬಿಯನ್ನೊಮ್ಮೆ ಕುಲುಕಿ, ಅಂಗೈಗೆ ಒಂದು ಮಾತ್ರೆ ಬೀಳಿಸಿಕೊಂಡು, ಲೋಟ ನೀರಿನ ಜೊತೆ ನುಂಗುತ್ತಾರೆ. ಆಮೇಲೆ ನೀರು ಕಾಯಿಸಿ ಫಿಲ್ಟರಿಗೆ ಸುರಿಯುತ್ತಾರೆ. ಹಾಲು ಉಕ್ಕುತ್ತದೆ, ಡಿಕಾಕ್ಷನ್ ಘಮ ನಡುಮನೆಗೂ ಬರುತ್ತದೆ. ಆದರೂ ದೊಡ್ಡಮ್ಮ ಕಾಫಿ ಬೆರೆಸುವುದಿಲ್ಲ. ಗೋಡೆ ಗಡಿಯಾರದ ಮೇಲೊಂದು ಕಣ್ಣಿಟ್ಟು ಹೂ ಬಿಡಿಸಿ ತರುತ್ತಾರೆ, ಹೊಸಿಲು ತೊಳೆಯುತ್ತಾರೆ, ರಂಗೋಲಿ ಹಾಕುತ್ತಾರೆ. ಗಂಟೆ ಆರಾದ ಮೇಲೆಯೇ ಮೊದಲ ಗುಟುಕು. ಹದಿನೆಂಟು ವರ್ಷದಿಂದ ಇದೇ ವ್ರತ.

ಒಮ್ಮೆ ಕೇಳಿದೆ: "ದೊಡ್ಡಮ್ಮ, ಇಷ್ಟು ಸಣ್ಣ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತೆ?"

"ಏನು ಮಾಡುತ್ತೋ ನನಗೇನು ಗೊತ್ತಪ್ಪಾ. ತಗೊಳ್ಳದೇ ಇದ್ದರೆ ಏನಾಗುತ್ತೆ ಅನ್ನೋದು ಚೆನ್ನಾಗಿ ಗೊತ್ತು" ಎಂದರು.

ಗೊತ್ತಿರದೆ ಏನು? ನಲವತ್ತೆರಡರ ವಯಸ್ಸಿನಲ್ಲಿ, ಯುಗಾದಿ ಕಳೆದ ಮೇಲಿನ ಧಗೆಯಲ್ಲೂ ಅವರು ಫ್ಯಾನ್ ಆರಿಸಿ ಶಾಲು ಹೊದ್ದು ಕೂರುತ್ತಿದ್ದರು. ಬಾಚಣಿಗೆ ತುಂಬ ಕೂದಲು. ಒಗೆಯುವ ಕಲ್ಲಿನ ಮುಂದೆ ಅರ್ಧಕ್ಕೇ ಕುಳಿತುಬಿಡುವಷ್ಟು ಸುಸ್ತು. ದನಿ ಗೊಗ್ಗರಾಯಿತು, ಮುಖ ಊದಿಕೊಂಡಿತು, ಬೆರಳಿನ ಉಂಗುರ ಬಿಗಿಯಾಯಿತು. ಸೋಮಾರಿತನ ಎಂದವರಿದ್ದರು, ವಯಸ್ಸಾಯ್ತು ಎಂದವರಿದ್ದರು. ಕೊನೆಗೆ ಒಂದು ರಕ್ತ ಪರೀಕ್ಷೆ, ಒಂದು ಡಬ್ಬಿ ಮಾತ್ರೆ. ಎರಡು ತಿಂಗಳಲ್ಲಿ ಫ್ಯಾನ್ ಮತ್ತೆ ತಿರುಗತೊಡಗಿತು.

ಆ ಮಾತ್ರೆಯಲ್ಲಿರುವ ಔಷಧ 75 ಮೈಕ್ರೊಗ್ರಾಂ. ಪುಡಿ ಉಪ್ಪಿನ ಒಂದೆರಡು ಹರಳಿನ ತೂಕ. ಉಳಿದದ್ದೆಲ್ಲ ಬೆರಳಿಗೆ ಸಿಗಲಿ ಎಂದು ಸೇರಿಸಿದ ಪುಡಿ. ಚಿಟಿಕೆಗೂ ಸಾಲದ ಈ ವಸ್ತು ಚಳಿ, ನಿದ್ದೆ, ಎದೆಬಡಿತ, ಹೊಟ್ಟೆ, ಮನಸ್ಸಿನ ಮಂಕು ಎಲ್ಲವನ್ನೂ ಹೇಗೆ ಬದಲಿಸುತ್ತದೆ? ಉತ್ತರ ಬೇಕೆಂದರೆ ಮಾತ್ರೆಯ ಹಿಂದೆಯೇ ಹೊರಡಬೇಕು. ದಾರಿಯಲ್ಲಿ ಬಾಗಿಲ ಮೇಲೆ ಬಾಗಿಲು. ಯಾವ ಬಾಗಿಲು ಕೆಟ್ಟಿತು ಎನ್ನುವುದರ ಮೇಲೆ ಕಾಯಿಲೆಯ ಹೆಸರು.

ಕಣಜವಿರುವ ಗ್ರಂಥಿ

'ಶುಗರ್ ಇದೆ', 'ಬಿಪಿ ಇದೆ' ಎನ್ನುವ ಧಾಟಿಯಲ್ಲೇ ನಾವು 'ಥೈರಾಯ್ಡ್ ಇದೆ' ಎನ್ನುತ್ತೇವೆ. ಅದು ಎಲ್ಲರಿಗೂ ಇರುವಂಥದ್ದೇ. ಗಂಟಲಿನ ಉಬ್ಬಿನ ಕೆಳಗೆ, ಶ್ವಾಸನಾಳವನ್ನು ಎರಡೂ ಕಡೆಯಿಂದ ಅಪ್ಪಿಕೊಂಡು ಕೂತ ಚಿಟ್ಟೆಯಾಕಾರದ ಗ್ರಂಥಿ; ತೂಕ 15ರಿಂದ 20 ಗ್ರಾಂ. 1656ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಇದಕ್ಕೆ ಗ್ರೀಕರ ಗುರಾಣಿಯ ಹೆಸರಿಟ್ಟ. ಬಾಗಿಲಿನಂತೆ ಉದ್ದವಾಗಿದ್ದ ಆ ಗುರಾಣಿಯ ಹೆಸರು ಹುಟ್ಟಿದ್ದು ಗ್ರೀಕಿನಲ್ಲಿ ಬಾಗಿಲು ಎಂಬರ್ಥದ ಪದದಿಂದ. ಜೊಲ್ಲಿನ ಗ್ರಂಥಿಗೆ ಬಾಯಿಯವರೆಗೆ ಒಂದು ಕೊಳವೆಯಿದೆ. ಥೈರಾಯ್ಡಿಗೆ ಅಂಥದ್ದಿಲ್ಲ, ತಯಾರಿಸಿದ್ದನ್ನು ನೇರ ರಕ್ತಕ್ಕೇ ಬಿಡುತ್ತದೆ. ಅದಕ್ಕೇ ಕನ್ನಡದಲ್ಲಿ ಇಂಥವನ್ನು ನಿರ್ನಾಳ ಗ್ರಂಥಿ ಎನ್ನುತ್ತೇವೆ.

ಈ ಗ್ರಂಥಿಯ ಕಚ್ಚಾವಸ್ತು ಅಯೋಡಿನ್. ದೊಡ್ಡವರಿಗೆ ದಿನಕ್ಕೆ ಬೇಕಿರುವುದು ಸುಮಾರು 150 ಮೈಕ್ರೊಗ್ರಾಂ. ಎಪ್ಪತ್ತು ವರ್ಷ ಬದುಕಿದವರ ಒಟ್ಟು ಲೆಕ್ಕ ಹಾಕಿದರೂ ನಾಲ್ಕು ಗ್ರಾಂ ದಾಟುವುದಿಲ್ಲ; ಒಂದು ಟೀ ಚಮಚವೂ ತುಂಬುವುದಿಲ್ಲ. ಇಷ್ಟು ಅಪರೂಪದ ಸರಕನ್ನು ರಕ್ತದಿಂದ ಹೆಕ್ಕಿ ತೆಗೆಯಲು ಥೈರಾಯ್ಡ್ ಜೀವಕೋಶಗಳ ಗೋಡೆಯಲ್ಲಿ ಒಂದು ವಿಶೇಷ ಪ್ರೋಟೀನು ಇದೆ. ಸೋಡಿಯಂ ಒಳನುಗ್ಗುವ ರಭಸವನ್ನು ಬಳಸಿಕೊಂಡು ಅದು ಅಯೋಡೈಡನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿರುವುದಕ್ಕಿಂತ ಇಪ್ಪತ್ತು, ಮೂವತ್ತು, ನಲವತ್ತು ಪಟ್ಟು ಸಾಂದ್ರವಾಗಿ ಗ್ರಂಥಿಯೊಳಗೆ ಕೂಡಿಸುತ್ತದೆ. ಇದರ ಜೀನನ್ನು ಗುರುತಿಸಿದ್ದು 1996ರಲ್ಲಿ. ಅದಕ್ಕೂ ಬಹಳ ಮುಂಚೆ, 1941ರಲ್ಲೇ, ಅಮೆರಿಕದ ವೈದ್ಯ ಸಾಲ್ ಹರ್ಟ್ಜ್ ಗ್ರಂಥಿಯ ಈ ಆಸೆಬುರುಕತನವನ್ನೇ ಚಿಕಿತ್ಸೆಗೆ ಬಳಸಿದ್ದ. ವಿಕಿರಣ ಸೂಸುವ ಅಯೋಡಿನ್ ಕುಡಿಸಿದರೆ ಅದು ಬೇರೆಲ್ಲೂ ಹೆಚ್ಚು ನಿಲ್ಲದೆ ಅತಿಯಾಗಿ ಕೆಲಸ ಮಾಡುವ ಥೈರಾಯ್ಡಿಗೇ ಹೋಗಿ ಅದನ್ನು ಸುಡುತ್ತದೆ.

ಒಳಗೆ ಬಂದ ಅಯೋಡಿನ್ ಸೇರುವುದು ಥೈರೊಗ್ಲೋಬುಲಿನ್ ಎಂಬ ದೈತ್ಯ ಪ್ರೋಟೀನಿಗೆ. ಟಿಪಿಒ ಎಂಬ ಕಿಣ್ವ ಹೈಡ್ರೊಜನ್ ಪೆರಾಕ್ಸೈಡಿನ ಸಹಾಯದಿಂದ, ಆ ಪ್ರೋಟೀನಿನ ಟೈರೊಸಿನ್ ಎಂಬ ಕೊಂಡಿಗಳಿಗೆ ಅಯೋಡಿನ್ ಪೋಣಿಸುತ್ತದೆ. ಎರಡೆರಡು ಅಯೋಡಿನ್ ಹೊತ್ತ ಎರಡು ಕೊಂಡಿಗಳು ಜೋಡಿಯಾದರೆ ಟಿ4, ಅಂದರೆ ಥೈರಾಕ್ಸಿನ್. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂದೇ ಇದ್ದರೆ ಟಿ3. ಹೆಸರಿನ ಅಂಕಿ ಅಯೋಡಿನ್ ಪರಮಾಣುಗಳ ಎಣಿಕೆ, ಅಷ್ಟೇ.

ಬಹುತೇಕ ನಿರ್ನಾಳ ಗ್ರಂಥಿಗಳದು ದಿನಗೂಲಿ ಬದುಕು: ಅಂದಿನದನ್ನು ಅಂದೇ ಮಾಡಿ ಅಂದೇ ಖರ್ಚು. ಥೈರಾಯ್ಡ್ ಮಾತ್ರ ಕಣಜ ಕಟ್ಟಿಕೊಂಡ ರೈತ. ಸಣ್ಣ ಸಣ್ಣ ಗುಳ್ಳೆಗಳಂಥ ಕೋಣೆಗಳಲ್ಲಿ, ಅಂಟಿನಂಥ ದ್ರವದೊಳಗೆ ಎರಡು ಮೂರು ತಿಂಗಳಿಗಾಗುವಷ್ಟು ಹಾರ್ಮೋನನ್ನು ತುಂಬಿಟ್ಟಿರುತ್ತದೆ. ಸಮುದ್ರದಿಂದ ದೂರ ಬಂದು ನೆಲದಲ್ಲಿ ಬದುಕುವ ಪ್ರಾಣಿಗೆ ಅಯೋಡಿನ್ ದಿನಾ ಸಿಗುವ ಭರವಸೆ ಇಲ್ಲವಲ್ಲ.

ಮಳೆ ತೊಳೆದದ್ದು, ಉಪ್ಪು ತಂದದ್ದು

ಆ ಭರವಸೆ ಇಲ್ಲದ ಕಡೆ ಮನುಷ್ಯರ ಕುತ್ತಿಗೆಯೇ ಸಾಕ್ಷಿ ಹೇಳುತ್ತಿತ್ತು. ಬೆಟ್ಟದ ಸೀಮೆಗಳಲ್ಲಿ ಸಾವಿರಾರು ವರ್ಷಗಳ ಮಳೆ, ಹಿಮ ಮಣ್ಣಿನ ಅಯೋಡಿನ್ನನ್ನು ತೊಳೆದು ಹೊಳೆಗೆ, ಹೊಳೆಯಿಂದ ಕಡಲಿಗೆ ಸಾಗಿಸಿವೆ. ಅಲ್ಲಿ ಬೆಳೆದ ಧಾನ್ಯದಲ್ಲೂ ಅದಿಲ್ಲ, ಆ ಹುಲ್ಲು ಮೇದ ಹಸುವಿನ ಹಾಲಿನಲ್ಲೂ ಇಲ್ಲ. ಹಾರ್ಮೋನು ಕಡಿಮೆಯಾಯಿತೆಂದು ಮಿದುಳು ಗ್ರಂಥಿಯನ್ನು ಮತ್ತೆ ಮತ್ತೆ ತಿವಿಯುತ್ತದೆ. ಗ್ರಂಥಿ ಹಿಗ್ಗುತ್ತಾ ಹೋಗುತ್ತದೆ. ಅದೇ ಗಳಗಂಡ.

ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ರೋಗಶಾಸ್ತ್ರಜ್ಞ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಒಂದು ಸರಳ ಪರೀಕ್ಷೆ ನಡೆಸಿದರು. ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಮಾಮೂಲಿ ಉಪ್ಪು ಕೊಟ್ಟರು. 1962ರ ಹೊತ್ತಿಗೆ ಅಯೋಡಿನ್ ಉಪ್ಪು ತಿಂದ ಎರಡೂ ಕಡೆ ಗಳಗಂಡ ಎದ್ದು ಕಾಣುವಷ್ಟು ಇಳಿದಿತ್ತು. ಮಾಮೂಲಿ ಉಪ್ಪಿನ ಕಡೆ ಇದ್ದ ಹಾಗೇ ಇತ್ತು. ಅದೇ ವರ್ಷ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಹಿಮಾಲಯದ ತಪ್ಪಲಿಗಷ್ಟೇ ಸೇರಿದ್ದೆಂದು ತಿಳಿದಿದ್ದ ಈ ಕೊರತೆ, ಆಮೇಲಿನ ಸಮೀಕ್ಷೆಗಳಲ್ಲಿ ಚಿಕ್ಕಮಗಳೂರಿನಂಥ ನಮ್ಮ ಮಲೆನಾಡು ಜಿಲ್ಲೆಯಲ್ಲೂ ಕಂಡುಬಂತು.

ಈಗ ಮನೆಗೆ ಬರುವ ಉಪ್ಪಿನಲ್ಲಿ ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬ ನಿಯಮವಿದೆ. ಹತ್ತು ಗ್ರಾಂ ಉಪ್ಪಿಗೆ 150 ಮೈಕ್ರೊಗ್ರಾಂ. ದಿನದ ಲೆಕ್ಕ ಅಲ್ಲಿಗೇ ಚುಕ್ತಾ. ಉಪ್ಪಿನ ಡಬ್ಬಿ ಬಾಯಿ ತೆರೆದು ಒಲೆಯ ಪಕ್ಕ ಇಟ್ಟರೆ ಅಯೋಡಿನ್ ಸೋರಿಹೋಗುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಅಡುಗೆಮನೆ ಸೇರುತ್ತಿರುವ ಕಲ್ಲುಪ್ಪು, ಸೈಂಧವ ಲವಣಗಳಲ್ಲಿ ಹಲವಕ್ಕೆ ಅದನ್ನು ಬೆರೆಸಿಯೇ ಇರುವುದಿಲ್ಲ. ಬಸುರಿಯಿರುವ ಮನೆಯವರಾದರೂ ಪೊಟ್ಟಣದ ಹಿಂಬದಿ ಓದಿ ನೋಡುವುದು ಒಳ್ಳೆಯದು.

ಎಂಟುನೂರೆಪ್ಪತ್ತು ಕುರಿಗಳು

ದೊಡ್ಡಮ್ಮನ ಕೊರತೆ ಮಾತ್ರ ಉಪ್ಪಿನದಲ್ಲ. ಅವರ ಗ್ರಂಥಿಯೇ ಸೋತಿತ್ತು. ಅಂಥವರಿಗೆ ಹೊರಗಿನಿಂದ ಹಾರ್ಮೋನು ಕೊಡಬಹುದು ಎಂದು ಮೊದಲು ತೋರಿಸಿದವನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ತರುಣ ವೈದ್ಯ ಜಾರ್ಜ್ ಮರ್ರೆ. 1891ರಲ್ಲಿ ಕುರಿಯ ಥೈರಾಯ್ಡಿನ ಸಾರ ತೆಗೆದು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚುಮದ್ದಾಗಿ ಕೊಟ್ಟ. ಊದಿದ ಮುಖ ಇಳಿಯಿತು, ಮಾತು ಚುರುಕಾಯಿತು, ಮೈಯಲ್ಲಿ ಬೆವರು ಬಂತು. ಆಕೆ ಇನ್ನೂ 28 ವರ್ಷ ಬದುಕಿ 74ರಲ್ಲಿ ತೀರಿಕೊಂಡಳು. ಅಷ್ಟರಲ್ಲಿ ಆಕೆಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬಳಕೆಯಾಗಿತ್ತು ಎಂದು ಮರ್ರೆಯೇ ಲೆಕ್ಕ ಬರೆದಿಟ್ಟಿದ್ದಾನೆ.

ಸಾರದೊಳಗಿನ ಸಾರ ಸಿಕ್ಕಿದ್ದು 1914ರ ಕ್ರಿಸ್‌ಮಸ್ ದಿನ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಹರಳುಗಳನ್ನು ಬೇರ್ಪಡಿಸಿದ. ಮುಂದಿನ ವರ್ಷಗಳಲ್ಲಿ ಸುಮಾರು ಮೂರು ಟನ್ ಹಂದಿ ಥೈರಾಯ್ಡಿನಿಂದ ಅವನ ಕೈಗೆ ಬಂದದ್ದು 33 ಗ್ರಾಂ. ಅದರ ನಿಜವಾದ ರಚನೆಯನ್ನು 1926ರಲ್ಲಿ ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ ಬಿಡಿಸಿದ. ಮರುವರ್ಷ ಜಾರ್ಜ್ ಬಾರ್ಜರ್ ಜೊತೆ ಪ್ರಯೋಗಾಲಯದಲ್ಲೇ ತಯಾರಿಸಿದ. ಕುರಿ, ಹಂದಿಗಳ ಹಂಗು ತಪ್ಪುವ ದಾರಿ ಆಗ ತೆರೆಯಿತು. ಇಂದಿನ ಮಾತ್ರೆಯಲ್ಲಿರುವುದು ಗ್ರಂಥಿಯಲ್ಲಿ ತಯಾರಾಗುವ ಅದೇ ಅಣು. ಒಂದು ಪರಮಾಣುವೂ ಹೆಚ್ಚುಕಡಿಮೆಯಿಲ್ಲ. ಹಾಗಾಗಿ ಇದನ್ನು ಔಷಧ ಎನ್ನುವುದಕ್ಕಿಂತ ಮನೆಯಲ್ಲಿ ಬೆಳೆಯುವುದು ನಿಂತ ಅಕ್ಕಿಯನ್ನು ಅಂಗಡಿಯಿಂದ ತಂದ ಹಾಗೆ ಎನ್ನಬಹುದು.

ಕಾಫಿಯ ತಂಟೆ

ಮಾತ್ರೆ ಹೊಟ್ಟೆಯಲ್ಲಿ ಕರಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೂ ಮೈಗೆ ಹತ್ತುವುದು ನೂರರಲ್ಲಿ ಎಪ್ಪತ್ತು, ಎಂಬತ್ತು ಪಾಲು. ಊಟ, ತಿಂಡಿ, ಕಾಫಿ ಜೊತೆಯಾದರೆ ಇನ್ನೂ ಕಡಿಮೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಂತೂ ಥೈರಾಕ್ಸಿನ್ನನ್ನು ಕರುಳಿನಲ್ಲೇ ಹಿಡಿದುಕೊಂಡುಬಿಡುತ್ತವೆ; ಅವಕ್ಕೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ ಎನ್ನುತ್ತಾರೆ ವೈದ್ಯರು. ದೊಡ್ಡಮ್ಮನ ಅರ್ಧ ಗಂಟೆಯ ಮರ್ಮ ಇಷ್ಟು. 75 ಮೈಕ್ರೊಗ್ರಾಮಿನಲ್ಲಿ ಹತ್ತು ಹದಿನೈದು ಕಳೆದುಕೊಂಡರೂ ನಷ್ಟವೇ.

ರಕ್ತಕ್ಕೆ ಬಂದ ಥೈರಾಕ್ಸಿನ್ ಒಂಟಿಯಾಗಿ ತಿರುಗುವುದಿಲ್ಲ. ಅದಕ್ಕೆ ನೀರಿಗಿಂತ ಎಣ್ಣೆಯ ನಂಟು ಹೆಚ್ಚು. ಆದ್ದರಿಂದ ಮೂರು ಬಗೆಯ ಪ್ರೋಟೀನುಗಳ ಬೆನ್ನೇರಿ ಸಾಗುತ್ತದೆ. ಸಾವಿರದಲ್ಲಿ ಒಂದೂ ಅಲ್ಲ, ಹತ್ತು ಸಾವಿರದಲ್ಲಿ ಎರಡು ಮೂರು ಅಣು ಮಾತ್ರ ಬಿಡಿಯಾಗಿ ಓಡಾಡುತ್ತವೆ. ಜೀವಕೋಶದೊಳಗೆ ಹೋಗಬಲ್ಲವು ಈ ಬಿಡಿ ಅಣುಗಳೇ. ರಿಪೋರ್ಟಿನಲ್ಲಿ 'ಫ್ರೀ ಟಿ4' ಎಂದು ಕಾಣುವುದು ಇವುಗಳ ಲೆಕ್ಕ. ಬಸುರಿನಲ್ಲಿ ಹೊರುವ ಪ್ರೋಟೀನು ಹೆಚ್ಚಾಗುತ್ತದೆ. ಮೊದಲ ತಿಂಗಳುಗಳಲ್ಲಿ ಭ್ರೂಣದ ಮಿದುಳೂ ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಅದಕ್ಕೇ ಮಾತ್ರೆ ನುಂಗುತ್ತಿರುವ ಹೆಂಗಸರಿಗೆ ಬಸುರಾದ ಸುದ್ದಿ ತಿಳಿದ ಕೂಡಲೇ ಪ್ರಮಾಣ ಏರಿಸಬೇಕಾಗುತ್ತದೆ.

ಬೆನ್ನೇರಿ ಕೂತದ್ದರಿಂದ ಇನ್ನೊಂದು ಅನುಕೂಲವಿದೆ. ಥೈರಾಕ್ಸಿನ್ ಬೇಗ ಮುಗಿಯುವುದಿಲ್ಲ. ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು.

ನಾಲ್ಕರಲ್ಲಿ ಒಂದು ಕಳೆದರೆ

ಇನ್ನು ಜೀವಕೋಶದ ಬಾಗಿಲು. ಎಣ್ಣೆಯಂಥ ಅಣುವಾದ್ದರಿಂದ ಗೋಡೆಯನ್ನು ತೂರಿಕೊಂಡೇ ಹೋಗುತ್ತದೆ ಎಂದು ಬಹಳ ಕಾಲ ನಂಬಿದ್ದರು. ಆ ನಂಬಿಕೆ ಕೆಡವಿದ್ದು ಒಂದು ಅಪರೂಪದ ಕಾಯಿಲೆ. 1944ರಲ್ಲಿ ಅಮೆರಿಕದ ಮೂವರು ವೈದ್ಯರು ಒಂದೇ ವಂಶದ ಗಂಡುಮಕ್ಕಳಲ್ಲಿ ಬುದ್ಧಿಮಾಂದ್ಯ ಮತ್ತು ಸ್ನಾಯುಗಳ ಶಕ್ತಿಹೀನತೆ ಕಂಡು ವರದಿ ಮಾಡಿದ್ದರು. ಅರುವತ್ತು ವರ್ಷ ಕಳೆದ ಮೇಲೆ, 2004ರಲ್ಲಿ, ಕಾರಣ ಹೊಳೆಯಿತು: ಎಂಸಿಟಿ8 ಎಂಬ ಬಾಗಿಲಿನ ಪ್ರೋಟೀನೇ ಈ ಮಕ್ಕಳಲ್ಲಿ ಕೆಟ್ಟಿರುತ್ತದೆ. ರಕ್ತದಲ್ಲಿ ಟಿ3 ಬೇಕಾದಷ್ಟಕ್ಕಿಂತ ಜಾಸ್ತಿ, ಮಿದುಳಿನಲ್ಲಿ ಬರ. ಹೊಳೆ ತುಂಬಿ ಹರಿಯುತ್ತಿದ್ದರೂ ತೂಬು ಕೆಟ್ಟ ಗದ್ದೆಯ ಸ್ಥಿತಿ.

ಬಾಗಿಲು ದಾಟಿದ ಟಿ4 ಕೂಡ ಇನ್ನೂ ಅರೆಬೆಂದ ಅಡುಗೆ. ಅದರ ಹೊರಗಿನ ಉಂಗುರದಿಂದ ಒಂದು ಅಯೋಡಿನ್ ಕಿತ್ತು ಟಿ3 ಮಾಡಬೇಕು. ಕೆಲಸ ಮಾಡುವುದು ಅದೇ. ಟಿ3ಯನ್ನು 1952ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ಗ್ರಾಸ್ ಮತ್ತು ರೊಸಲಿಂಡ್ ಪಿಟ್-ರಿವರ್ಸ್ ಪತ್ತೆ ಮಾಡಿದರು. ಅಯೋಡಿನ್ ಕೀಳುವ ಕಿಣ್ವಗಳಿಗೆ ಸೆಲೆನಿಯಂ ಎಂಬ ಇನ್ನೊಂದು ಅಪರೂಪದ ಧಾತು ಬೇಕು. ಒಳಗಿನ ಉಂಗುರದಿಂದ ಕಿತ್ತರೆ ಅದೇ ಟಿ4 ನಿಷ್ಪ್ರಯೋಜಕ. ಅಂದರೆ ಪ್ರತಿ ಅಂಗವೂ ತನ್ನ ಒಳಗೇ ಹಾರ್ಮೋನನ್ನು ಹೊತ್ತಿಸಿಕೊಳ್ಳಬಲ್ಲದು, ಆರಿಸಿಕೊಳ್ಳಲೂ ಬಲ್ಲದು. ರಕ್ತದಲ್ಲಿ ಎಷ್ಟಿದೆ ಎನ್ನುವುದು ಊರಿನ ಮಾರುಕಟ್ಟೆಗೆ ಎಷ್ಟು ತರಕಾರಿ ಬಂತು ಎಂಬ ಲೆಕ್ಕ. ಯಾರ ಮನೆಯಲ್ಲಿ ಎಷ್ಟು ಬೆಂದಿತು ಎನ್ನುವುದು ಬೇರೆ ಮಾತು.

ಗಿರಾಕಿಯೇ ದೇವರು

ಕೊನೆಯ ಕೋಣೆ ಜೀವಕೋಶದ ನ್ಯೂಕ್ಲಿಯಸ್. ಅಲ್ಲಿ ಡಿಎನ್‌ಎ ಮೇಲೆ ಕೂತು ಕಾಯುತ್ತಿರುತ್ತದೆ ರಿಸೆಪ್ಟರ್. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಇದನ್ನು ಗ್ರಾಹಕ ಎನ್ನುವುದುಂಟು; ಅಂಗಡಿಯ ಗಿರಾಕಿಗೂ ಅದೇ ಪದ. ಈ ಗೊಂದಲದಿಂದ ನಷ್ಟವೇನಿಲ್ಲ. ಸರಕು ಒಂದೇ ಆದರೂ ಅದರಿಂದ ಏನು ಮಾಡಬೇಕೆಂದು ಗೊತ್ತು ಮಾಡುವವನು ಗಿರಾಕಿ. ಒಂದೇ ಅಕ್ಕಿಯಿಂದ ಒಬ್ಬರ ಮನೆಯಲ್ಲಿ ದೋಸೆ, ಇನ್ನೊಬ್ಬರ ಮನೆಯಲ್ಲಿ ಕಡುಬು.

ಈ ಗ್ರಾಹಕವನ್ನು ಹುಡುಕಿಕೊಟ್ಟದ್ದು ಕೋಳಿಯ ಕಾಯಿಲೆ. ಕೋಳಿಗಳಲ್ಲಿ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್ಸಿನಲ್ಲಿ ಎರ್ಬ್-ಎ ಎಂಬ ಜೀನ್ ಇತ್ತು. ವೈರಸ್ ಅದನ್ನು ಹಿಂದೊಮ್ಮೆ ಕೋಳಿಯಿಂದಲೇ ಕದ್ದಿತ್ತು. ಅದರ ಮೂಲರೂಪ ಆರೋಗ್ಯವಂತ ಪ್ರಾಣಿಯಲ್ಲಿ ಏನು ಮಾಡುತ್ತದೆ ಎಂದು ನೋಡುತ್ತಾ ಹೋದ ಎರಡು ತಂಡಗಳು, ಅಮೆರಿಕದಲ್ಲಿ ರೊನಾಲ್ಡ್ ಇವಾನ್ಸ್‌ರದು, ಯುರೋಪಿನಲ್ಲಿ ಬ್ಯೋರ್ನ್ ವೆನ್‌ಸ್ಟ್ರೋಮ್‌ರದು, 1986ರಲ್ಲಿ ಒಂದೇ ಉತ್ತರಕ್ಕೆ ಬಂದವು. ಥೈರಾಯ್ಡ್ ಹಾರ್ಮೋನನ್ನು ಹಿಡಿಯುವ ಗ್ರಾಹಕ ಅದೇ ಆಗಿತ್ತು.

ಅದರ ಕೆಲಸದ ರೀತಿಯೂ ವಿಚಿತ್ರ. ಹಾರ್ಮೋನು ಇಲ್ಲದಿದ್ದಾಗ ಅದು ಸುಮ್ಮನೆ ಕೂರುವುದಿಲ್ಲ; ಬೇರೆ ಪ್ರೋಟೀನುಗಳನ್ನು ಕರೆದು ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಸಿ, ಆ ಜೀನುಗಳನ್ನು ಬೀಗ ಹಾಕಿಟ್ಟ ಹಾಗೆ ಇಟ್ಟಿರುತ್ತದೆ. ಟಿ3 ಬಂದು ಅದರ ಮಡಿಲಲ್ಲಿ ಕೂತ ಕೂಡಲೇ ಗ್ರಾಹಕದ ಒಂದು ತುದಿ ಮಡಚಿಕೊಳ್ಳುತ್ತದೆ. ಬೀಗದವರು ಹೊರಡುತ್ತಾರೆ, ತೆರೆಯುವವರು ಬರುತ್ತಾರೆ, ಸುತ್ತಿದ ದಾರ ಸಡಿಲವಾಗುತ್ತದೆ, ಜೀನ್ ಓದಲು ಸಿಗುತ್ತದೆ. ಹೃದಯದಲ್ಲಿ ಬಡಿತ ಚುರುಕಾಗಿಸುವ ಪ್ರೋಟೀನು, ಪಿತ್ತಜನಕಾಂಗದಲ್ಲಿ ಕೊಲೆಸ್ಟರಾಲ್ ಎಳೆದುಕೊಳ್ಳುವ ಪ್ರೋಟೀನು, ಕಂದುಕೊಬ್ಬಿನಲ್ಲಿ ಶಾಖ ಹುಟ್ಟಿಸುವ ಪ್ರೋಟೀನು. ದೊಡ್ಡಮ್ಮ ಶಾಲು ತೆಗೆದಿಟ್ಟದ್ದರ ಹಿಂದೆ ಇಂಥ ಎಷ್ಟೋ ಬೀಗಗಳು ತೆರೆದಿದ್ದವು.

ಒಂದೇ ಹಾರ್ಮೋನು ಒಂದೇ ದೇಹದಲ್ಲಿ ಪರಸ್ಪರ ವಿರುದ್ಧ ಕೆಲಸ ಮಾಡಿಸುವುದನ್ನು ಕಣ್ಣಾರೆ ನೋಡಬೇಕೆಂದರೆ ಮಳೆಗಾಲದ ಹೊಂಡದ ಬಳಿ ಕೂರಬೇಕು. ಗೊದಮೊಟ್ಟೆಗೆ ಕಾಲು ಮೂಡುತ್ತದೆ, ಬಾಲ ಕರಗುತ್ತದೆ, ಕಿವಿರು ಮಾಯವಾಗುತ್ತದೆ, ಪಾಚಿ ತಿನ್ನುವ ಉದ್ದ ಸುರುಳಿ ಕರುಳು ಹುಳ ತಿನ್ನುವ ಗಿಡ್ಡ ಕರುಳಾಗುತ್ತದೆ. 1912ರಲ್ಲಿ ಫ್ರೆಡ್ರಿಕ್ ಗುಡರ್ನಾಚ್ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದ. ಬೆಳೆಯುವ ಮೊದಲೇ ಅವು ಅವಸರದಿಂದ ಕಪ್ಪೆಗಳಾದವು, ಗಾತ್ರದಲ್ಲಿ ಕುಬ್ಜ. ಬೇರೆಯವರು ಗೊದಮೊಟ್ಟೆಯ ಥೈರಾಯ್ಡ್ ತೆಗೆದು ನೋಡಿದರು. ಅವು ಬೆಳೆದವು, ದೈತ್ಯವಾದವು, ಆದರೆ ಕಪ್ಪೆ ಮಾತ್ರ ಆಗಲಿಲ್ಲ. ಒಂದೇ ಟಿ3 ಬಾಲದ ಜೀವಕೋಶಕ್ಕೆ ಸಾವಿನ ಸೂಚನೆ, ಕಾಲಿನ ಜೀವಕೋಶಕ್ಕೆ ಹುಟ್ಟಿನ ಸೂಚನೆ. ಹಾರ್ಮೋನು ಹೇಳುವುದು 'ಹೊತ್ತಾಯಿತು' ಎಂದಷ್ಟೇ. ಏನು ಮಾಡುವ ಹೊತ್ತು ಎನ್ನುವುದು ಕೇಳಿಸಿಕೊಂಡವರಿಗೆ ಬಿಟ್ಟದ್ದು.

ಮನುಷ್ಯರ ಮಕ್ಕಳಿಗೆ ಉದುರಬೇಕಾದ ಬಾಲವಿಲ್ಲ. ಆದರೆ ಮಿದುಳಿನ ನರಗಳು ಕವಲೊಡೆದು, ಒಂದಕ್ಕೊಂದು ಬೆಸೆದು, ಕೊಬ್ಬಿನ ಹೊದಿಕೆ ಪಡೆಯುವ ಕೆಲಸಕ್ಕೆ ಇದೇ ಸೂಚನೆ ಬೇಕು. ಥೈರಾಯ್ಡ್ ಇಲ್ಲದೆ ಅಥವಾ ಅರೆಬರೆಯಾಗಿ ಹುಟ್ಟುವ ಶಿಶುಗಳು ಮೊದಲ ದಿನಗಳಲ್ಲಿ ಬೇರೆ ಶಿಶುಗಳಂತೆಯೇ ಕಾಣುತ್ತವೆ. ತಾಯಿಯಿಂದ ಬಂದ ಹಾರ್ಮೋನು ಕೆಲ ಕಾಲ ಕೊರತೆಯನ್ನು ಮುಚ್ಚಿಡುತ್ತದೆ. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತ ಸಾಕು, ಗುಟ್ಟು ತಿಳಿಯಲು. ಕೆನಡಾದ ಕ್ವಿಬೆಕ್‌ನಲ್ಲಿ 1970ರ ದಶಕದ ಆರಂಭದಲ್ಲಿ ಜಾನ್ ಡುಸೊ ಶುರು ಮಾಡಿದ ಈ ಪರೀಕ್ಷೆಯಿಂದ ಲೋಕದಲ್ಲಿ ಎಷ್ಟೋ ಮಕ್ಕಳು ಬುದ್ಧಿಮಾಂದ್ಯದಿಂದ ಪಾರಾಗಿದ್ದಾರೆ. ಎರಡು ವಾರದೊಳಗೆ ಮಾತ್ರೆ ಪುಡಿ ಮಾಡಿ ಕೊಡಲು ಶುರು ಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಕಳೆದದ್ದು ಪೂರ್ತಿ ಮರಳುವುದಿಲ್ಲ. ಹೆರಿಗೆಯಾದ ಆಸ್ಪತ್ರೆ ತಾನಾಗಿ ಈ ಪರೀಕ್ಷೆ ಮಾಡದಿದ್ದರೆ ಕೇಳಿ ಮಾಡಿಸಬೇಕು.

ಮನೆಯವರೇ ಕೆಡವಿದಾಗ

ಗುಡರ್ನಾಚ್ ಗೊದಮೊಟ್ಟೆಗಳಿಗೆ ಉಣಿಸುತ್ತಿದ್ದ ಅದೇ 1912ರಲ್ಲಿ ಜಪಾನಿನ ಕ್ಯೂಶುವಿನ 30 ದಾಟಿದ ತರುಣ ಶಸ್ತ್ರವೈದ್ಯ ಹಕಾರು ಹಾಶಿಮೊಟೊ ಜರ್ಮನ್ ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟಿಸಿದ. ನಾಲ್ವರು ಹೆಂಗಸರಿಂದ ಕತ್ತರಿಸಿ ತೆಗೆದ ಥೈರಾಯ್ಡ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದ. ಹಾರ್ಮೋನಿನ ಕಣಜಗಳಿರಬೇಕಾದ ಜಾಗದಲ್ಲಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಗುಂಪುಗೂಡಿದ್ದವು. ಸೋಂಕು ಮಾತ್ರ ಎಲ್ಲೂ ಇರಲಿಲ್ಲ. ಯಾರೂ ಹೆಚ್ಚು ಗಮನಿಸಲಿಲ್ಲ. ತಂದೆ ತೀರಿಕೊಂಡ ಮೇಲೆ ಹಾಶಿಮೊಟೊ ಹುಟ್ಟೂರಿಗೆ ಮರಳಿ, ಊರ ವೈದ್ಯನಾಗಿ ದುಡಿದು, 1934ರಲ್ಲಿ ಟೈಫಾಯ್ಡ್‌ಗೆ ಬಲಿಯಾದ. ತನ್ನ ಹೆಸರು ಜಗತ್ತಿನ ಪ್ರತಿ ಊರಿನ ರೋಗಿಗಳ ಫೈಲಿನಲ್ಲಿ ಬರುತ್ತದೆಂದು ಆತನಿಗೆ ತಿಳಿಯಲೇ ಇಲ್ಲ.

ಆತ ಕಂಡದ್ದರ ಅರ್ಥ ಹೊಳೆದದ್ದು 1956ರಲ್ಲಿ. ಲಂಡನ್ನಿನ ಐವನ್ ರಾಯಿಟ್, ಡೆಬೊರಾ ಡೋನಿಯಾಕ್ ಮತ್ತು ಸಂಗಡಿಗರು ಹಾಶಿಮೊಟೊ ರೋಗಿಗಳ ರಕ್ತದಲ್ಲಿ, ಅವರದೇ ಥೈರೊಗ್ಲೋಬುಲಿನ್ ವಿರುದ್ಧದ ಪ್ರತಿಕಾಯಗಳನ್ನು ಕಂಡರು. ಕಾವಲಿಗಿಟ್ಟವರೇ ಮನೆಗೆ ನುಗ್ಗಿ ಕಣಜ ಒಡೆದಿದ್ದರು. ಸ್ವಂತ ದೇಹದ ಮೇಲೆ ದೇಹವೇ ಎರಗುವ ಕಾಯಿಲೆಗಳಿವೆ ಎಂದು ವೈದ್ಯಲೋಕ ಒಪ್ಪಿಕೊಳ್ಳಲು ಇದು ದೊಡ್ಡ ಪುರಾವೆಯಾಯಿತು. ಅಯೋಡಿನ್ ಸಾಕಷ್ಟು ಸಿಗುವ ಕಡೆ ಥೈರಾಯ್ಡ್ ಸೋಲಲು ಮುಖ್ಯ ಕಾರಣ ಇದೇ. ದೊಡ್ಡಮ್ಮನದೂ ಇದೇ.

ಅದೇ 1956ರಲ್ಲಿ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಆಡಮ್ಸ್ ಮತ್ತು ಪರ್ವ್ಸ್ ಇನ್ನೊಂದು ವಿಚಿತ್ರ ಕಂಡರು. ಥೈರಾಯ್ಡ್ ಅತಿಯಾಗಿ ದುಡಿಯುವ ಗ್ರೇವ್ಸ್ ಕಾಯಿಲೆಯವರ ರಕ್ತದಲ್ಲಿ ಗ್ರಂಥಿಯನ್ನು ಹೆಚ್ಚು ಹೊತ್ತು ಪ್ರಚೋದಿಸುವ ಯಾವುದೋ ವಸ್ತು ಇತ್ತು. ಅದೂ ಪ್ರತಿಕಾಯವೇ ಎಂದು ಆಮೇಲೆ ತಿಳಿಯಿತು. ಇದು ಗ್ರಂಥಿಯನ್ನು ಕೆಡವುವುದಿಲ್ಲ. ಮಿದುಳಿನ ಆಜ್ಞೆ ಬಂದು ಕೂರುವ ಜಾಗದಲ್ಲಿ ತಾನೇ ಹೋಗಿ ಕೂತು, ನಕಲಿ ಸಹಿ ಹಾಕಿದ ಆದೇಶದಂತೆ, 'ಮಾಡು, ಇನ್ನೂ ಮಾಡು' ಎನ್ನುತ್ತದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಎಷ್ಟು ತಿಂದರೂ ಮೈ ಇಳಿಯುತ್ತದೆ, ಕೆಲವರಿಗೆ ಕಣ್ಣು ಮುಂದೆ ಬರುತ್ತದೆ.

ಮೂರನೆಯ ಬಗೆ ಎಲ್ಲಕ್ಕಿಂತ ನವುರು: ಸರಕು ಸರಿ, ಗಿರಾಕಿ ಕೆಟ್ಟ. 1967ರಲ್ಲಿ ಸ್ಯಾಮ್ಯುಯೆಲ್ ರೆಫೆಟಾಫ್ ಮತ್ತು ಸಂಗಡಿಗರು ಒಂದೇ ಮನೆಯ ಮಕ್ಕಳಲ್ಲಿ ಹಾರ್ಮೋನು ತುಂಬಿದ್ದರೂ ಅದರ ಪರಿಣಾಮ ಕಾಣದ್ದನ್ನು ವರದಿ ಮಾಡಿದರು. ನಮ್ಮಲ್ಲಿ ಗ್ರಾಹಕ ಎರಡು ಬಗೆ. ಹೃದಯ, ಮೂಳೆ, ಕರುಳುಗಳಲ್ಲಿ ಆಲ್ಫಾ ಹೆಚ್ಚು, ಪಿತ್ತಜನಕಾಂಗದಲ್ಲಿ ಮತ್ತು ಮಿದುಳಿನ ಬುಡದಿಂದ ಥೈರಾಯ್ಡಿಗೆ ಆಜ್ಞೆ ಕಳಿಸುವ ಪಿಟ್ಯುಟರಿ ಗ್ರಂಥಿಯಲ್ಲಿ ಬೀಟಾ ಹೆಚ್ಚು. ಬೀಟಾ ಕೆಟ್ಟರೆ ಪಿಟ್ಯುಟರಿಗೆ ಹಾರ್ಮೋನು ಇದೆಯೆಂದೇ ಗೊತ್ತಾಗದೆ ಇನ್ನಷ್ಟು ಮಾಡಿಸುತ್ತದೆ. ಆಲ್ಫಾ ಸರಿಯಿರುವ ಹೃದಯ ಅದೆಲ್ಲವನ್ನೂ ತಾಳಲಾರದೆ ಓಡುತ್ತದೆ. 2012ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಆಲ್ಫಾ ಕೆಟ್ಟ ಪುಟ್ಟ ಹುಡುಗಿಯೊಬ್ಬಳನ್ನು ಗುರುತಿಸಿದರು. ಬೆಳವಣಿಗೆ ಕುಂಠಿತ, ತೀವ್ರ ಮಲಬದ್ಧತೆ, ಎಲ್ಲ ಲಕ್ಷಣವೂ ಥೈರಾಯ್ಡ್ ಕೊರತೆಯದೇ. ರಿಪೋರ್ಟು ಮಾತ್ರ ಬಹುತೇಕ ಸರಿ.

ಎರಡು ಬಗೆಯ ಗಿರಾಕಿಗಳಿರುವುದು ಔಷಧ ಮಾಡುವವರಿಗೆ ಅನುಕೂಲವೂ ಆಗಿದೆ. ಹೃದಯವನ್ನು ಕೆಣಕದೆ ಪಿತ್ತಜನಕಾಂಗದ ಬೀಟಾವನ್ನು ಮಾತ್ರ ಮುಟ್ಟುವ ರೆಸ್ಮೆಟಿರೋಮ್ ಎಂಬ ಮಾತ್ರೆಗೆ 2024ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಕೊಬ್ಬು ತುಂಬಿ ಊದಿಕೊಂಡು ಗಟ್ಟಿಯಾಗುತ್ತಿರುವ ಪಿತ್ತಜನಕಾಂಗಕ್ಕೆ ಅದು.

ರಿಪೋರ್ಟು ಯಾರ ಮಾತು?

ಪ್ರಯೋಗಾಲಯದಿಂದ ಬರುವ ಹಾಳೆಯಲ್ಲಿ ನಾವು ಮೊದಲು ನೋಡುವುದು ಟಿಎಸ್‌ಎಚ್. ತಮಾಷೆಯೆಂದರೆ ಅದು ಥೈರಾಯ್ಡಿನ ಹಾರ್ಮೋನೇ ಅಲ್ಲ. ಮಿದುಳಿನ ಬುಡದಲ್ಲಿ ನೇತಾಡುವ ಕಡಲೆಕಾಳಿನಷ್ಟು ಪಿಟ್ಯುಟರಿ ಥೈರಾಯ್ಡಿಗೆ ಕಳಿಸುವ ಬುಲಾವು. ಅದಕ್ಕೂ ಮೇಲೆ ಹೈಪೋಥಲಾಮಸ್ ಇದೆ. ಅದರ ಆಜ್ಞೆಯ ಅಣುವನ್ನು ಹುಡುಕಲು ರೋಜೆ ಗಿಲೆಮಾ ಕುರಿಗಳ, ಆಂಡ್ರ್ಯೂ ಶಾಲಿ ಹಂದಿಗಳ ಮಿದುಳಿನ ಚೂರುಗಳನ್ನು ಲಕ್ಷಗಟ್ಟಲೆ ಅರೆದರು. 1969ರಲ್ಲಿ ರಚನೆ ಸಿಕ್ಕಾಗ ಅದು ಬರೀ ಮೂರು ಅಮೈನೊ ಆಮ್ಲಗಳ ತುಣುಕು. 1977ರ ನೊಬೆಲನ್ನು ಅವರ ಜೊತೆ ಹಂಚಿಕೊಂಡ ರೊಸಾಲಿನ್ ಯಾಲೊ, ಇಷ್ಟು ಅತ್ಯಲ್ಪ ಹಾರ್ಮೋನನ್ನೂ ರಕ್ತದಲ್ಲಿ ಅಳೆಯುವ ವಿಧಾನ ಕಂಡುಹಿಡಿದವರು. ಜೊತೆಗಾರ ಸಾಲಮನ್ ಬರ್ಸನ್ ಮತ್ತು ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ.

ಥೈರಾಕ್ಸಿನ್ ಕಡಿಮೆಯಾದರೆ ಪಿಟ್ಯುಟರಿ ದನಿ ಏರಿಸುತ್ತದೆ, ಜಾಸ್ತಿಯಾದರೆ ಸುಮ್ಮನಾಗುತ್ತದೆ. ಟಿಎಸ್‌ಎಚ್ ಹೆಚ್ಚಾದರೆ ಥೈರಾಯ್ಡ್ ಕಡಿಮೆ ಎನ್ನುವ ತಿರುಗುಮುರುಗು ಲೆಕ್ಕ ಬಂದದ್ದು ಹೀಗೆ. ಸಾಮಾನ್ಯವಾಗಿ ಅದು 0.4ರಿಂದ 4ರ ಆಸುಪಾಸಿನಲ್ಲಿರಬೇಕು. ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ನೂರು ಪಟ್ಟಿನ ಹತ್ತಿರಕ್ಕೂ ಏರಬಹುದು. ಹಾಗಾಗಿ ಹೋದ ಸಲ 2 ಇದ್ದದ್ದು ಈ ಸಲ 3 ಆಯಿತೆಂದು ಗಾಬರಿಯಾಗಬೇಕಿಲ್ಲ. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಲೆಕ್ಕವನ್ನೇ ತಪ್ಪಿಸುತ್ತದೆ. ಪರೀಕ್ಷೆಗೆ ಮೊದಲು ಅದನ್ನು ಹೇಳಬೇಕು.

ಬುಲಾವು ಎಷ್ಟು ಜೋರಾಗಿದೆ ಎಂದು ಹಾಳೆ ಹೇಳುತ್ತದೆ. ಮಿಕ್ಕ ಬಾಗಿಲುಗಳ ವಿಷಯ ಅದರಲ್ಲಿಲ್ಲ. ಅದಕ್ಕೇ ಒಳ್ಳೆಯ ವೈದ್ಯರು ಹಾಳೆಯ ಜೊತೆಗೆ ಕೈಹಿಡಿದು ನಾಡಿ ನೋಡುತ್ತಾರೆ, ಚರ್ಮ ಮುಟ್ಟುತ್ತಾರೆ, ನಿದ್ದೆ ಹೇಗಿದೆ ಎಂದು ಕೇಳುತ್ತಾರೆ.

ಪಕ್ಕದ ಮನೆಯವರು ಒಮ್ಮೆ ದೊಡ್ಡಮ್ಮನಿಗೆ, "ಎರಡು ಮಾತ್ರೆ ತಗೊಳ್ರೀ, ತೂಕ ಇಳಿಯುತ್ತೆ" ಎಂದಿದ್ದರಂತೆ. ಇಳಿಯುವುದೇನೋ ನಿಜ. ಕರಗುವುದು ಕೊಬ್ಬಿನ ಜೊತೆ ಮಾಂಸ ಮತ್ತು ಮೂಳೆ. ಹೃದಯದ ತಾಳವೂ ತಪ್ಪಬಹುದು. 'ಹೊತ್ತಾಯಿತು' ಎಂಬ ಮಾತನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಕೂಗಿದರೆ ಗೊದಮೊಟ್ಟೆಗೆ ಆದ ಗತಿಯೇ. "ಡಾಕ್ಟರು ಬರೆದಷ್ಟೇ" ಎಂದು ದೊಡ್ಡಮ್ಮ ಮಾತು ಮುಗಿಸಿದ್ದರು.

ಹೋದ ತಿಂಗಳು ಮೂರು ದಿನ ಅವರ ಮನೆಯಲ್ಲಿದ್ದೆ. ಎರಡನೆಯ ದಿನ ಅಡುಗೆಮನೆಯಿಂದ ಗಾಬರಿಯ ದನಿ: ಮದುವೆ ಮನೆಯ ಓಡಾಟದಲ್ಲಿ ಹಿಂದಿನ ದಿನದ ಮಾತ್ರೆ ಮರೆತೇಹೋಗಿತ್ತು. "ಅಯ್ಯೋ, ನಿನ್ನೆ ಇಡೀ ದಿನ ಮಾತ್ರೆ ಇಲ್ಲದೇ ಓಡಾಡಿಬಿಟ್ಟೆನಲ್ಲೋ!"

ಏಳು ದಿನದ ಲೆಕ್ಕ ಹೇಳಿದೆ. ಇವತ್ತು ನುಂಗಿದ ಮಾತ್ರೆ ಇವತ್ತೇ ಕೆಲಸ ಶುರು ಮಾಡುವುದಿಲ್ಲ, ನಿನ್ನೆ ಓಡಾಡಿಸಿದ್ದು ಹೋದ ವಾರದ, ಅದರ ಹಿಂದಿನ ವಾರದ ಮಾತ್ರೆಗಳು ಎಂದೆ. ಪ್ರಮಾಣ ಬದಲಿಸಿದ ಮೇಲೆ ಡಾಕ್ಟರು ಆರೆಂಟು ವಾರ ಬಿಟ್ಟು ರಕ್ತ ಪರೀಕ್ಷೆಗೆ ಬರಹೇಳುವುದೂ ಇದಕ್ಕೇ ಎಂದೆ.

ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ಈ ಮಾತ್ರೆ ಮುಂದಿನ ವಾರದ್ದು ಅನ್ನು" ಎಂದು ಡಬ್ಬಿ ಕುಲುಕಿ, ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಗಡಿಯಾರ ನೋಡಿದರು. ಐದು ಮೂವತ್ತೆರಡು. ಹೂವಿನ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೊರಟರು.